ಸ್ಟೆಂಟ್ ಹಾಕಿದ ಮಹಾಪಧಮನಿ: 55 ಇದ್ದದ್ದು 61 ಆಗಿದೆ ಎನ್ನುವ ರಿಪೋರ್ಟನ್ನು ಹೇಗೆ ಓದಬೇಕು?

ಡೊಂಬಿವಲಿಯ ಸೊಸೆ

ಎಲ್ಲರಿಗೂ ನಮಸ್ಕಾರ. ನನ್ನ ಮಾವನವರಿಗೆ ಈಗ 74 ವರ್ಷ. ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕುಳಿತವರು. ಬೀಡಿ ಬಿಟ್ಟದ್ದು ಮಾತ್ರ ಹೊಟ್ಟೆಯ ಮಹಾಪಧಮನಿ (ಹೃದಯದಿಂದ ಕೆಳಗೆ ರಕ್ತ ಒಯ್ಯುವ ಮುಖ್ಯ ನಾಳ) ಉಬ್ಬಿಕೊಂಡಿದೆ ಎಂದು ತಿಳಿದ ಮೇಲೆ. ಎರಡು ವರ್ಷಗಳ ಹಿಂದೆ, ಉಬ್ಬು 58 ಮಿ.ಮೀ. ಇದ್ದಾಗ, ಹೊಟ್ಟೆಯನ್ನು ಕೊಯ್ಯದೆ ಎರಡೂ ತೊಡೆಸಂದುಗಳ ರಕ್ತನಾಳಗಳ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟ್ ಗ್ರಾಫ್ಟನ್ನು ಒಳಗೆ ಕೂರಿಸಿದರು. ನಾಲ್ಕನೆಯ ದಿನಕ್ಕೆ ಮನೆಗೆ ಬಂದರು, ಹತ್ತನೆಯ ದಿನಕ್ಕೆ ತಾವೇ ಹಾಲು ತರಲು ಹೊರಟರು. ಹೀಗಾಗಿ ಎಲ್ಲ ಮುಗಿಯಿತು ಎಂದೇ ನಾವು ತಿಳಿದಿದ್ದೆವು.

ಒಂದು ತಿಂಗಳಿಗೆ ಆಸ್ಪತ್ರೆಯಲ್ಲೇ ಮಾಡಿದ ಸಿಟಿ ಆಂಜಿಯೋದಲ್ಲಿ ಉಬ್ಬಿದ ಚೀಲ 58 ಮಿ.ಮೀ., ಸೋರಿಕೆ ಇಲ್ಲ ಎಂದಿತ್ತು. ವರ್ಷಕ್ಕೆ ಮಾಡಿಸಿದ ಸೊನೋಗ್ರಫಿಯಲ್ಲಿ 55 ಬಂದಾಗ ಮನೆಯವರೆಲ್ಲ ಸಮಾಧಾನಪಟ್ಟೆವು. ಈ ಸಲ, ದಾದರ್‌ವರೆಗೆ ಲೋಕಲ್‌ನಲ್ಲಿ ಬೆಳಗಿನ ನೂಕುನುಗ್ಗಲಿನೊಳಗೆ ಖಾಲಿ ಹೊಟ್ಟೆಯಲ್ಲಿ ಅವರನ್ನು ಕರೆದೊಯ್ಯುವುದು ಬೇಡವೆಂದು, ಮನೆಯ ಹತ್ತಿರದ ಕೇಂದ್ರವೊಂದರಲ್ಲಿ ಸಿಟಿ ಮಾಡಿಸಿದೆವು. ಅವರ ರಿಪೋರ್ಟಿನಲ್ಲಿ ಚೀಲ 61 ಮಿ.ಮೀ. ಎಂದೂ, ಹಿಂದಿನದಕ್ಕೆ ಹೋಲಿಸಿದರೆ 6 ಮಿ.ಮೀ. ಹೆಚ್ಚಾಗಿದೆ ಎಂದೂ, ಎರಡನೆಯ ಬಗೆಯ ಸಣ್ಣ ಎಂಡೋಲೀಕ್ (ಸ್ಟೆಂಟಿನ ಹೊರಗಿನ ಚೀಲದೊಳಕ್ಕೆ ರಕ್ತದ ಸೋರಿಕೆ) ಇದೆ ಎಂದೂ ಬರೆದಿದ್ದಾರೆ.

ಶಸ್ತ್ರಚಿಕಿತ್ಸಕರ ಭೇಟಿ ಸಿಕ್ಕಿರುವುದು ಹನ್ನೆರಡು ದಿನಗಳ ನಂತರ. ಅಷ್ಟರೊಳಗೆ ನನ್ನ ಮೈದುನ ಇನ್ನೊಂದು ಆಪರೇಷನ್‌ಗೆ ಹಣ ಹೊಂದಿಸುವ ಮಾತಾಡುತ್ತಿದ್ದಾನೆ, ಮಾವನವರು ಊಟ ಕಡಿಮೆ ಮಾಡಿದ್ದಾರೆ. ಅವರಿಗೆ ನೋವಿಲ್ಲ, ಜ್ವರವಿಲ್ಲ. ಈ ಆರು ಮಿಲಿಮೀಟರನ್ನು ನಾವು ಹೇಗೆ ತೆಗೆದುಕೊಳ್ಳಬೇಕು?

ಠಾಣೆಯ ನಿವೃತ್ತ ಸಿಟಿ ತಂತ್ರಜ್ಞ

ಸಹೋದರಿಯವರೇ, ಮೂವತ್ತು ವರ್ಷ ಸಿಟಿ ಯಂತ್ರದ ಮುಂದೆ ಕುಳಿತವನಾದ್ದರಿಂದ ಅಳತೆಯ ವಿಚಾರವನ್ನಷ್ಟೇ ಹೇಳುತ್ತೇನೆ. ಚಿಕಿತ್ಸೆಯ ಮಾತು ವೈದ್ಯರದು.

ನಿಮ್ಮ ರಿಪೋರ್ಟಿನ ಆರು ಮಿಲಿಮೀಟರ್ ಹುಟ್ಟಿರುವುದು ಒಂದು ಸೊನೋಗ್ರಫಿಯನ್ನೂ ಒಂದು ಸಿಟಿಯನ್ನೂ ಪಕ್ಕಪಕ್ಕ ಇಟ್ಟು ಕಳೆದದ್ದರಿಂದ. ಒಂದೇ ದಿನ, ಒಬ್ಬನೇ ರೋಗಿಯ ಒಂದೇ ಮಹಾಪಧಮನಿಯನ್ನು ಎರಡರಲ್ಲೂ ಅಳೆದರೂ ಸೊನೋಗ್ರಫಿಯ ಅಂಕಿ ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಕಡಿಮೆಯೇ ಬರುತ್ತದೆ. ಹಾಗಾಗಿ ಕಳೆದ ವರ್ಷ 58ರಿಂದ 55ಕ್ಕೆ ಇಳಿಯಿತೆಂದು ನೀವು ಪಟ್ಟ ಸಮಾಧಾನಕ್ಕೂ ಗಟ್ಟಿ ಆಧಾರವಿರಲಿಲ್ಲ, ಈಗ ಪಡುತ್ತಿರುವ ಭಯಕ್ಕೂ ಪೂರ್ತಿ ಆಧಾರವಿಲ್ಲ. ಹೋಲಿಸಬೇಕಾದದ್ದು ಸಿಟಿಯನ್ನು ಸಿಟಿಯೊಂದಿಗೆ, ಅಂದರೆ ಮೊದಲ ತಿಂಗಳ 58ರೊಂದಿಗೆ.

ಅಲ್ಲಿಯೂ 3 ಮಿ.ಮೀ. ಉಳಿಯುತ್ತದಲ್ಲ ಎಂದು ಕೇಳುತ್ತೀರಿ. ಇದಕ್ಕೆ ಅಡುಗೆಮನೆಯ ಉತ್ತರವೇ ಸಾಕು. ಬಾಳೆದಿಂಡನ್ನು ನೇರವಾಗಿ ಹೆಚ್ಚಿದರೆ ಬಿಲ್ಲೆ ದುಂಡಗಿರುತ್ತದೆ, ಕತ್ತಿ ಓರೆಯಾದರೆ ಅದೇ ದಿಂಡಿನ ಬಿಲ್ಲೆ ಉದ್ದವಾಗುತ್ತದೆ. ದಿಂಡು ದಪ್ಪಗಾಯಿತೆಂದು ಯಾರೂ ಹೇಳುವುದಿಲ್ಲ. ಸಿಟಿ ಯಂತ್ರ ಕೊಡುವ ಮೂಲ ಚಿತ್ರಗಳು ದೇಹವನ್ನು ಅಡ್ಡಲಾಗಿ ಹೆಚ್ಚಿದ ಬಿಲ್ಲೆಗಳು, ಆದರೆ ಉಬ್ಬಿದ ಮಹಾಪಧಮನಿ ನೆಟ್ಟಗೆ ನಿಂತಿರುವುದಿಲ್ಲ. ವಯಸ್ಸಾದವರಲ್ಲಿ ಅದು ಬಳುಕಿ ಒಂದು ಪಕ್ಕಕ್ಕೆ ವಾಲಿರುತ್ತದೆ. ಆ ಅಡ್ಡ ಬಿಲ್ಲೆಯ ಮೇಲೆ ಉದ್ದನೆಯ ಕಡೆಗೆ ಗೆರೆ ಎಳೆದರೆ ಅಂಕಿ ಹಿಗ್ಗುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಕಂಪ್ಯೂಟರಿನಲ್ಲಿ ರಕ್ತನಾಳದ ನಡುಗೆರೆಯನ್ನು ಹಿಡಿದು, ಅದಕ್ಕೆ ಲಂಬವಾಗಿ ಚಿತ್ರವನ್ನು ತಿರುಗಿಸಿ, ಹೊರಗೋಡೆಯಿಂದ ಹೊರಗೋಡೆಗೆ ಅಳೆಯುವುದು. ಒತ್ತಡದ ದಿನಗಳಲ್ಲಿ, ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿರುವಾಗ, ಇದನ್ನು ಎಲ್ಲರೂ ಮಾಡುವುದಿಲ್ಲ. ನಾನೂ ಎಲ್ಲ ದಿನ ಮಾಡಿದ್ದೇನೆಂದು ಹೇಳಲಾರೆ. ಇಬ್ಬರು ಅನುಭವಿಗಳು ಒಂದೇ ಚಿತ್ರವನ್ನು ಅಳೆದರೂ ಎರಡು ಮೂರು ಮಿಲಿಮೀಟರ್ ಆಚೀಚೆಯಾಗುವುದುಂಟು. ಅದಕ್ಕೇ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಬದಲಾವಣೆಯನ್ನು ಮಾತ್ರ ನಿಜವಾದ ಬೆಳವಣಿಗೆಯೆಂದು ಪರಿಗಣಿಸುವ ರೂಢಿ ಇದೆ.

ಆದ್ದರಿಂದ ಶಸ್ತ್ರಚಿಕಿತ್ಸಕರಲ್ಲಿಗೆ ರಿಪೋರ್ಟಿನ ಹಾಳೆಯನ್ನಷ್ಟೇ ಒಯ್ಯಬೇಡಿ, ಚಿತ್ರಗಳಿರುವ ಸಿಡಿಗಳನ್ನೇ ಒಯ್ಯಿರಿ. ಹೊಳೆಯುವ ದೊಡ್ಡ ಫಿಲ್ಮ್ ನೋಡಲು ಘನವಾಗಿ ಕಾಣುತ್ತದೆಯೇ ಹೊರತು ಅದರಲ್ಲಿ ಅಚ್ಚಾಗಿರುವುದು ಆಯ್ದ ಕೆಲವೇ ಚಿತ್ರಗಳು. ಅದನ್ನು ತಿರುಗಿಸಿ ಮತ್ತೆ ಅಳೆಯಲಾಗದು. ಮೊದಲ ತಿಂಗಳ ಸಿಡಿ ಮನೆಯಲ್ಲಿಲ್ಲದಿದ್ದರೆ ಆಸ್ಪತ್ರೆಯ ರೇಡಿಯಾಲಜಿ ವಿಭಾಗಕ್ಕೆ ಇಂದೇ ಅರ್ಜಿ ಕೊಡಿ. ಮುಂದಿನ ಎಲ್ಲ ವರ್ಷಗಳ ಹೋಲಿಕೆಗೂ ಅದೇ ಅಡಿಗಲ್ಲು.

ಸಂದರ್ಭ ಬಂದದ್ದರಿಂದ ಒಂದು ಮಾತು. 1948ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಹೊಟ್ಟೆಯ ಮಹಾಪಧಮನಿ ಉಬ್ಬಿದಾಗ ರುಡಾಲ್ಫ್ ನಿಸ್ಸೆನ್ ಎಂಬ ಶಸ್ತ್ರಚಿಕಿತ್ಸಕರು ಅದಕ್ಕೆ ಸೆಲ್ಲೋಫೇನ್ ಹಾಳೆಯನ್ನು ಸುತ್ತಿದರು. ಆರು ವರ್ಷಕ್ಕೂ ಹೆಚ್ಚು ಕಳೆದು, 1955ರ ಏಪ್ರಿಲ್‌ನಲ್ಲಿ, ಅದು ಒಡೆದೇ ಅವರು ತೀರಿಕೊಂಡರು. ಮನುಷ್ಯನ ಮೇಲೆ ಮೊದಲ ಸಿಟಿ ನಡೆದದ್ದು 1971ರಲ್ಲಿ. ಸುತ್ತಿದ ಹಾಳೆಯೊಳಗೆ ಏನು ನಡೆಯುತ್ತಿದೆ ಎಂದು ಅವರಿಗೆ ಹೀಗೆ ವರ್ಷ ವರ್ಷ ನೋಡುವ ದಾರಿಯೇ ಇರಲಿಲ್ಲ.

ಮುಲುಂಡ್ ಸದಸ್ಯೆ

ನಮ್ಮ ತಂದೆಯವರಿಗೂ ಇದೇ ಚಿಕಿತ್ಸೆಯಾಗಿದೆ. ಆದರೆ ಅವರಿಗೆ ಸಕ್ಕರೆ ಕಾಯಿಲೆ ಇದ್ದು, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ 1.6ಕ್ಕೆ ಏರಿದೆ. ಸಿಟಿಯಲ್ಲಿ ರಕ್ತನಾಳ ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧ ಚುಚ್ಚಿಸಿದರೆ ಮೂತ್ರಪಿಂಡ ಕೆಡುತ್ತದೆಂದು ಹೆದರಿ ಈ ವರ್ಷದ ಸಿಟಿಯನ್ನು ಮುಂದೂಡಿದ್ದೇವೆ. ಬೇರೆ ದಾರಿ ಇದೆಯೇ?

ಪುಣೆಯ ರಕ್ತನಾಳ ಶಸ್ತ್ರಚಿಕಿತ್ಸಕಿ

ಮೊದಲು ಮುಲುಂಡ್ ಸದಸ್ಯೆಯವರಿಗೆ. ದಯವಿಟ್ಟು ತಪಾಸಣೆಯನ್ನೇ ಮುಂದೂಡಬೇಡಿ, ತಪಾಸಣೆಯ ವಿಧಾನವನ್ನು ಬದಲಿಸಿಕೊಳ್ಳಿ. ಚೀಲ ಹಿಗ್ಗಿದೆಯೇ ಕುಗ್ಗಿದೆಯೇ ಎಂದು ತಿಳಿಯಲು ಕಾಂಟ್ರಾಸ್ಟೇ ಬೇಕಾಗಿಲ್ಲ. ಔಷಧ ಚುಚ್ಚದ ಸಾದಾ ಸಿಟಿಯಲ್ಲಿ ಅಳತೆಯೂ ಸಿಗುತ್ತದೆ, ಸ್ಟೆಂಟ್ ಜಾರಿದೆಯೇ ಎಂಬುದೂ ಕಾಣುತ್ತದೆ. ಅದರ ಜೊತೆಗೆ ಒಳ್ಳೆಯ ಕೈಯವರಿಂದ ಕಲರ್ ಡಾಪ್ಲರ್ (ರಕ್ತದ ಹರಿವನ್ನು ತೋರಿಸುವ ಸೊನೋಗ್ರಫಿ) ಮಾಡಿಸಿದರೆ ಸೋರಿಕೆಯ ವಿಚಾರವೂ ಬಹುಪಾಲು ತಿಳಿಯುತ್ತದೆ. ಡಾಪ್ಲರಿಗೆ ಬೆಳಿಗ್ಗೆಯೇ, ಆರೆಂಟು ಗಂಟೆ ಉಪವಾಸವಿದ್ದು ಹೋಗಬೇಕು, ಹಿಂದಿನ ರಾತ್ರಿ ಉಸಳ್, ಮಿಸಳ್‌ನಂಥ ಕಾಳಿನ ಪದಾರ್ಥ ಬೇಡ. ಕರುಳಿನ ವಾಯು ಮಹಾಪಧಮನಿಯನ್ನು ಮರೆಮಾಡಿಬಿಡುತ್ತದೆ. ಸೂಕ್ಷ್ಮ ಗುಳ್ಳೆಗಳ ಕಾಂಟ್ರಾಸ್ಟ್ ಕೊಟ್ಟು ಮಾಡುವ ಸೊನೋಗ್ರಫಿಯೂ ಇದೆ. ಆ ಗುಳ್ಳೆಗಳೊಳಗಿನ ಅನಿಲ ಉಸಿರಿನ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡಕ್ಕೆ ಭಾರವಿಲ್ಲ. ಕಾಂಟ್ರಾಸ್ಟ್ ಸಿಟಿ ಅನಿವಾರ್ಯವಾದರೆ, ಅವರು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಕೇಂದ್ರದವರಿಗೆ ಮೊದಲೇ ಹೇಳಿ. ಮೂತ್ರಪಿಂಡದ ಶಕ್ತಿ ತೀರ ಕುಗ್ಗಿದ್ದರೆ ಅದನ್ನು ನಿಲ್ಲಿಸಿ, 48 ಗಂಟೆಗಳ ನಂತರ ರಕ್ತ ಪರೀಕ್ಷಿಸಿ ಮತ್ತೆ ಶುರು ಮಾಡಿಸುತ್ತಾರೆ.

ಇನ್ನು ಡೊಂಬಿವಲಿಯವರ ಪ್ರಶ್ನೆಗೆ. ಠಾಣೆಯ ಹಿರಿಯರು ಅಳತೆಯ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಚೀಲದ ಅಂಕಿಯೊಂದನ್ನೇ ಹಿಡಿದು ಕೂರಬಾರದು ಎಂಬುದನ್ನು ಸೇರಿಸಬೇಕು. ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕೃತಕ ನಾಳವನ್ನು ದಾರದಿಂದ ಹೊಲಿದಿರುತ್ತೇವೆ. ಇಲ್ಲಿ ಹೊಲಿಗೆಯಿಲ್ಲ; ಮೇಲೆ ಮೂತ್ರಪಿಂಡದ ನಾಳಗಳ ಕೆಳಗಿನ ಒಂದಿಷ್ಟು ಆರೋಗ್ಯವಂತ ಗೋಡೆಯನ್ನೂ ಕೆಳಗೆ ಎರಡೂ ಕಾಲುಗಳ ಕಡೆಗೆ ಹೋಗುವ ಇಲಿಯಾಕ್ ನಾಳಗಳನ್ನೂ ಸ್ಟೆಂಟ್ ತನ್ನ ಬಿಗುವಿನಿಂದಲೂ ಸಣ್ಣ ಕೊಕ್ಕೆಗಳಿಂದಲೂ ಹಿಡಿದುಕೊಂಡು ನಿಂತಿರುತ್ತದೆ. ಹಳೆಯ ಚೀಲ ಅಲ್ಲಿಯೇ ಉಳಿದಿರುತ್ತದೆ. ಮೇಲಿನ ಅಥವಾ ಕೆಳಗಿನ ಹಿಡಿತ ತಪ್ಪಿ ರಕ್ತ ಚೀಲಕ್ಕೆ ನುಗ್ಗಿದರೆ ಅದು ಮೊದಲನೆಯ ಬಗೆಯ ಎಂಡೋಲೀಕ್; ಸ್ಟೆಂಟಿನ ತುಂಡುಗಳ ಜೋಡಣೆ ಬಿಟ್ಟರೆ ಅಥವಾ ಬಟ್ಟೆ ಹರಿದರೆ ಮೂರನೆಯ ಬಗೆ. ಇವೆರಡರಲ್ಲೂ ಹೃದಯದ ಪೂರ್ತಿ ಒತ್ತಡ ನೇರವಾಗಿ ಚೀಲದ ಮೇಲೆ ಬೀಳುವುದರಿಂದ, ಕಂಡ ಕೂಡಲೇ ಸರಿಪಡಿಸುತ್ತೇವೆ. ನಿಮ್ಮ ಮಾವನವರ ರಿಪೋರ್ಟಿನಲ್ಲಿರುವ ಎರಡನೆಯ ಬಗೆ ಬೇರೆ ಜಾತಿಯದು. ಬೆನ್ನಿನ ಸ್ನಾಯುಗಳಿಗೆ ಹೋಗುವ ಸಣ್ಣ ನಾಳಗಳಿಂದ ರಕ್ತ ಹಿಮ್ಮುಖವಾಗಿ ಚೀಲಕ್ಕೆ ಜಿನುಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಸೋರಿಕೆ ಇದೇ, ಎಷ್ಟೋ ಸಲ ತಾನಾಗಿಯೇ ಹೆಪ್ಪುಗಟ್ಟಿ ಮುಚ್ಚುತ್ತದೆ, ಚೀಲ ಬೆಳೆಯದಿದ್ದರೆ ನಾವು ಅದರ ಗೊಡವೆಗೆ ಹೋಗುವುದಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ನಿಮ್ಮ ವೈದ್ಯರಲ್ಲಿ ಕೇಳಿ: ಮೊದಲ ತಿಂಗಳ ಸಿಟಿಯಲ್ಲಿ ತಡವಾದ ಹಂತದ ಚಿತ್ರಗಳನ್ನು ತೆಗೆದಿದ್ದರೇ? ಕಾಂಟ್ರಾಸ್ಟ್ ಅಪಧಮನಿಗಳಲ್ಲಿ ತುಂಬಿರುವಾಗ ತೆಗೆದ ಚಿತ್ರದಲ್ಲಿ ನಿಧಾನದ ಸೋರಿಕೆ ಕಾಣುವುದೇ ಇಲ್ಲ. ಒಂದೆರಡು ನಿಮಿಷ ಬಿಟ್ಟು ತೆಗೆದರೆ ಕಾಣುತ್ತದೆ. ಅಂದು ನೋಡದೇ ಇದ್ದದ್ದನ್ನು ಇಂದು ಕಂಡು ಹೊಸದೆಂದು ಕರೆಯುವುದು ನಮ್ಮಲ್ಲಿ ಆಗಾಗ ನಡೆಯುವ ಎಡವಟ್ಟು. ಹಾಗೆಯೇ ಸ್ಟೆಂಟಿನ ಮೇಲಿನ ಮತ್ತು ಕೆಳಗಿನ ಹಿಡಿತದ ಉದ್ದವನ್ನು ಈಗ ಅಳೆದು ಹೇಳಿರೆಂದು ಕೇಳಿ. ಸಾಮಾನ್ಯ ರಿಪೋರ್ಟುಗಳಲ್ಲಿ ಬರದೇ ಹೋಗುವ ಅಂಕಿ ಅದು.

ಎಷ್ಟು ಸಲ ನೋಡಿಸಬೇಕೆಂಬುದಕ್ಕೆ ಎಲ್ಲ ಕಡೆ ಒಂದೇ ಉತ್ತರವಿಲ್ಲ. ಅಮೆರಿಕದ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘದ 2018ರ ಮಾರ್ಗಸೂಚಿಯು ಮೊದಲ ತಿಂಗಳಿಗೆ ಸಿಟಿ ಮತ್ತು ಡಾಪ್ಲರ್, ಎಲ್ಲ ಸರಿಯಿದ್ದರೆ ಹನ್ನೆರಡನೆಯ ತಿಂಗಳಿಗೆ ಇವೆರಡರಲ್ಲಿ ಒಂದು, ಆಮೇಲೆ ವರ್ಷಕ್ಕೊಂದು ಡಾಪ್ಲರ್ ಮತ್ತು ಐದು ವರ್ಷಕ್ಕೊಮ್ಮೆ ಕಾಂಟ್ರಾಸ್ಟ್ ಇಲ್ಲದ ಸಿಟಿ ಎನ್ನುತ್ತದೆ. ಯುರೋಪಿನವರ 2019ರ ಮಾರ್ಗಸೂಚಿ ಇನ್ನೂ ಸಡಿಲ. ಮೊದಲ ಸಿಟಿಯಲ್ಲಿ ಸೋರಿಕೆಯಿಲ್ಲದೆ ಹಿಡಿತ 10 ಮಿ.ಮೀ.ಗಿಂತ ಕಡಿಮೆಯಿಲ್ಲದಿದ್ದರೆ ಅಂಥವರ ಮುಂದಿನ ಚಿತ್ರಣವನ್ನು ಐದು ವರ್ಷದವರೆಗೂ ತಡೆಯಬಹುದು ಎನ್ನುತ್ತದೆ. ನಾನು ಅಷ್ಟು ಸಡಿಲ ಬಿಡುವುದಿಲ್ಲ. ನಮ್ಮಲ್ಲಿ ಐದು ವರ್ಷ ಬಿಟ್ಟು ಬಾ ಎಂದರೆ ಬಾರದೇ ಇರುವವರೇ ಹೆಚ್ಚು.

ವಾಶಿ ಸದಸ್ಯ

ಕಟುವಾಗಿ ಹೇಳುತ್ತಿದ್ದೇನೆಂದು ಭಾವಿಸಬೇಡಿ. ಆಪರೇಷನ್ ಯಶಸ್ವಿಯಾಗಿದೆ ಎಂದು ಹೇಳಿ ಕಳಿಸಿದ ಮೇಲೆ ವರ್ಷವರ್ಷವೂ ಸಿಟಿ ಎನ್ನುವುದು ಸ್ಕ್ಯಾನ್ ಕೇಂದ್ರಗಳ ವ್ಯಾಪಾರದಂತೆಯೇ ನನಗೆ ಕಾಣುತ್ತದೆ. ಅದರ ವಿಕಿರಣದಿಂದ ಕ್ಯಾನ್ಸರ್ ಬಂದರೆ ಹೊಣೆ ಯಾರು?

ಠಾಣೆಯ ನಿವೃತ್ತ ಸಿಟಿ ತಂತ್ರಜ್ಞ

ವಿಕಿರಣದ ಪ್ರಶ್ನೆ ನ್ಯಾಯವಾದದ್ದೇ. ಹೊಟ್ಟೆ ಮತ್ತು ಸೊಂಟದ ಒಂದು ಹಂತದ ಸಿಟಿಗೆ ಸುಮಾರು 8ರಿಂದ 10 ಮಿಲಿಸೀವರ್ಟ್ (ವಿಕಿರಣದ ಅಳತೆ) ಎಂದಿಟ್ಟುಕೊಳ್ಳಿ. ನೆಲ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸಹಜವಾಗಿ ಸಿಗುವುದು ಜಗತ್ತಿನ ಸರಾಸರಿಯಲ್ಲಿ 2.4. ಸಾದಾ, ಅಪಧಮನಿಯ ಹಂತ, ತಡವಾದ ಹಂತ ಎಂದು ಮೂರು ಸಲ ತೆಗೆದರೆ ಪ್ರಮಾಣ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಮೂರೂ ಹಂತ ಬೇಕೇ ಎಂದು ಕೇಳುವ ಹಕ್ಕು ರೋಗಿಗೆ ಇದೆ. ಆದರೆ ವಿಕಿರಣದಿಂದ ಬರಬಹುದಾದ ಕ್ಯಾನ್ಸರಿಗೆ ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು; 74 ವರ್ಷದವರಿಗೆ ಹತ್ತಿರದ ಅಪಾಯ ಒಡೆಯುವ ಚೀಲದ್ದು. ನಲವತ್ತರ ಪ್ರಾಯದವರಾಗಿದ್ದರೆ ನನ್ನ ಮಾತೂ ಬೇರೆಯಾಗುತ್ತಿತ್ತು.

ಪುಣೆಯ ರಕ್ತನಾಳ ಶಸ್ತ್ರಚಿಕಿತ್ಸಕಿ

ವಾಶಿಯವರ ಅನುಮಾನಕ್ಕೆ ಬ್ರಿಟನ್ನಿನ ಇವಾರ್-1 ಅಧ್ಯಯನದಲ್ಲಿ ಉತ್ತರವಿದೆ. 1999ರಿಂದ 2004ರವರೆಗೆ 1252 ರೋಗಿಗಳನ್ನು ಸೇರಿಸಿಕೊಂಡು, ಸ್ಟೆಂಟ್ ವಿಧಾನವನ್ನು ಹೊಟ್ಟೆ ತೆರೆಯುವ ವಿಧಾನದೊಂದಿಗೆ ಹೋಲಿಸಿದರು. ಮೊದಲ ತಿಂಗಳಲ್ಲಿ ಸ್ಟೆಂಟಿನವರಲ್ಲಿ ಸಾವು ಬಹಳ ಕಡಿಮೆ. ಆದರೆ 2016ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಲೆಕ್ಕದಲ್ಲಿ, ಎಂಟು ವರ್ಷ ದಾಟಿದ ಮೇಲೆ ಸ್ಟೆಂಟಿನವರಲ್ಲೇ ಸಾವು ಹೆಚ್ಚಾಗಿತ್ತು, ಅದಕ್ಕೆ ಮುಖ್ಯ ಕಾರಣಗಳಲ್ಲೊಂದು ಉಳಿದ ಚೀಲ ತಡವಾಗಿ ಒಡೆದದ್ದು. ಆಪರೇಷನ್ ಯಶಸ್ವಿಯಾಯಿತು ಎಂಬ ಮಾತು ಆ ದಿನದ ಮಟ್ಟಿಗೆ ಮಾತ್ರ ನಿಜ. ಅದನ್ನು ರೋಗಿಗೆ ಬಿಡಿಸಿ ಹೇಳದೆ ಕಳಿಸುವುದು ನಮ್ಮ ವೃತ್ತಿಯವರ ತಪ್ಪು ಎಂಬುದನ್ನು ಒಪ್ಪುತ್ತೇನೆ.

ಮಡಗಾಂವ್ ಸದಸ್ಯ

ಆ ತಪ್ಪಿನ ಪಾಲನ್ನು ಉಂಡವರು ನಾವು. ನನ್ನ ಅಣ್ಣನಿಗೆ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿಸಿ ಗೋವೆಗೆ ಕರೆತಂದೆವು. ಡಿಸ್ಚಾರ್ಜ್ ಪತ್ರದ ಮೂರನೆಯ ಪುಟದ ಕೊನೆಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ವರ್ಷಕ್ಕೊಮ್ಮೆ ಚಿತ್ರಣ ಎಂದು ಒಂದೇ ಸಾಲು ಇತ್ತಂತೆ. ಅದನ್ನು ನಾವು ಓದಿದ್ದು ನಾಲ್ಕು ವರ್ಷಗಳ ನಂತರ. ಅಲ್ಲಿಂದ ಒಂದು ಫೋನೂ ಬರಲಿಲ್ಲ, ನಾವೂ ಕೇಳಲಿಲ್ಲ. ಅಣ್ಣ ದಿನವೂ ಬೆಳಿಗ್ಗೆ ಮಾರುಕಟ್ಟೆಗೆ ನಡೆದುಹೋಗಿ ಮೀನು ತರುತ್ತಿದ್ದ, ಅದಕ್ಕಿಂತ ದೊಡ್ಡ ಪ್ರಮಾಣಪತ್ರ ನಮಗೆ ಬೇಕಾಗಿರಲಿಲ್ಲ.

ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಬೆನ್ನು ನೋವೆಂದ. ಎಣ್ಣೆ ತಿಕ್ಕಿದೆವು, ಬೆಲ್ಟ್ ತಂದುಕೊಟ್ಟೆವು. ಎರಡನೆಯ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಕಣ್ಣು ಕತ್ತಲಿಟ್ಟು ಕುಸಿದು ಕುಳಿತ. ತುರ್ತಾಗಿ ಮಾಡಿದ ಸಿಟಿಯಲ್ಲಿ, ಎಡಗಾಲಿನ ಕಡೆಯ ಸ್ಟೆಂಟಿನ ತುದಿ ಮೇಲಕ್ಕೆ ಸರಿದು ನಾಳದಿಂದ ಕಳಚಿಕೊಂಡಿತ್ತು, ಚೀಲ 79 ಮಿ.ಮೀ. ಆಗಿತ್ತು. ಪೂರ್ತಿ ಒಡೆದಿರಲಿಲ್ಲವಾದ್ದರಿಂದ ಅದೇ ರಾತ್ರಿ ತೊಡೆಯ ಮೂಲಕವೇ ಇನ್ನೊಂದು ತುಂಡನ್ನು ಜೋಡಿಸಿ ಉದ್ದ ಮಾಡಿದರು. ಅಣ್ಣ ಉಳಿದ. ಡೊಂಬಿವಲಿಯ ಅಕ್ಕನವರೇ, ನಿಮಗೆ 61 ಬಂದಾಗಲೇ ಗೊತ್ತಾಗಿದೆ, ನಮಗೆ 79ಕ್ಕೆ ಗೊತ್ತಾಯಿತು. ಹೊಸದಾಗಿ ಹೊಟ್ಟೆಯಲ್ಲೋ ಬೆನ್ನಿನಲ್ಲೋ ನೋವು ಬಂದರೆ ಹನ್ನೆರಡು ದಿನದ ಭೇಟಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ, ಒಳಗೆ ಸ್ಟೆಂಟ್ ಇದೆ ಎಂಬ ಮಾತನ್ನು ಮೊದಲು ಹೇಳಿ.

ಡೊಂಬಿವಲಿಯ ಸೊಸೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭೇಟಿ ಮುಗಿಯಿತು. ಮೊದಲ ತಿಂಗಳ ಸಿಡಿ ಮನೆಯಲ್ಲಿರಲಿಲ್ಲ. ಅರ್ಜಿ ಕೊಟ್ಟು ಮೂರು ದಿನ ಅಲೆದು ಪಡೆದೆವು.

ವೈದ್ಯರು ಎರಡೂ ಸಿಟಿಗಳನ್ನು ಒಂದೇ ಪರದೆಯ ಎಡಕ್ಕೂ ಬಲಕ್ಕೂ ತೆರೆದರು. ನಾನೂ ಮಾವನವರೂ ಅವರ ಹೆಗಲ ಹಿಂದೆ ನಿಂತು ನೋಡಿದೆವು. ಸ್ಟೆಂಟಿನ ತಂತಿಗಳು ಬೆಳ್ಳಗೆ ಹೊಳೆಯುತ್ತಿದ್ದವು, ಸುತ್ತಲಿನ ಚೀಲ ಬೂದು ಬಣ್ಣದ ಉಂಡೆಯ ಹಾಗಿತ್ತು. ಅಡ್ಡ ಬಿಲ್ಲೆಯ ಮೇಲೆ ಗೆರೆ ಎಳೆದಾಗ ಅವರಿಗೂ 61ಏ ಬಂತು. ಆಮೇಲೆ ಚಿತ್ರವನ್ನು ಓರೆಗೆ ತಿರುಗಿಸುತ್ತ ಹೋದಂತೆ ಮೊಟ್ಟೆಯಾಕಾರದ ಉಂಡೆ ನಿಧಾನವಾಗಿ ದುಂಡಗಾಯಿತು. ಈಗ ಅಳೆದರೆ 59. ಅದೇ ಕ್ರಮದಲ್ಲಿ ಮೊದಲ ತಿಂಗಳದ್ದು 58. ಠಾಣೆಯವರ ಬಾಳೆದಿಂಡು ನೆನಪಾಗಿ ನನಗೆ ನಗು ಬಂತು. ಮೊದಲ ಸಿಟಿಯಲ್ಲಿ ತಡವಾದ ಹಂತವನ್ನು ತೆಗೆದೇ ಇರಲಿಲ್ಲ, ಹಾಗಾಗಿ ಆ ಸಣ್ಣ ಸೋರಿಕೆ ಅಂದೂ ಇತ್ತೋ ಈಗ ಬಂತೋ ಹೇಳಲಾಗದು, ಚೀಲ ಬೆಳೆಯದಿರುವವರೆಗೆ ಅದನ್ನು ಮುಟ್ಟುವುದಿಲ್ಲ ಎಂದರು.

ಅಷ್ಟಕ್ಕೇ ಎದ್ದು ಬರುವವರಿದ್ದೆವು. ಪುಣೆಯ ಡಾಕ್ಟರಮ್ಮ ಹೇಳಿದ್ದ ಹಿಡಿತದ ಉದ್ದವನ್ನು ಕೇಳಿದೆ. ಮೇಲ್ಗಡೆ ಬದಲಾವಣೆಯಿಲ್ಲ. ಕೆಳಗೆ ಬಲಗಾಲಿನ ಕಡೆ ಮೊದಲ ತಿಂಗಳಲ್ಲಿ 22 ಮಿ.ಮೀ. ಇದ್ದ ಹಿಡಿತ ಈಗ 14ಕ್ಕೆ ಬಂದಿದೆ; ಅಲ್ಲಿನ ನಾಳವೇ 16ರಿಂದ 19ಕ್ಕೆ ಹಿಗ್ಗಿದೆ. ರಿಪೋರ್ಟಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ವೈದ್ಯರು ಸ್ವಲ್ಪ ಹೊತ್ತು ಸುಮ್ಮನೆ ಪರದೆ ನೋಡಿ, ಈಗ ಏನೂ ಮಾಡಬೇಕಿಲ್ಲ, ಆದರೆ ವರ್ಷ ಕಾಯುವುದೂ ಬೇಡ, ಆರು ತಿಂಗಳಿಗೆ ಇಲ್ಲಿಯೇ, ಇದೇ ಯಂತ್ರದಲ್ಲಿ ಸಿಟಿ ಮಾಡೋಣ, ಹಿಡಿತ 10ರ ಹತ್ತಿರ ಬಂದರೆ ಮಡಗಾಂವ್ ಸದಸ್ಯರ ಅಣ್ಣನಿಗೆ ಮಾಡಿದಂತೆ ತುಂಡೊಂದನ್ನು ಮೊದಲೇ ಜೋಡಿಸಿಬಿಡಬಹುದು ಎಂದರು. ಅಂದರೆ ನಾವು ಹೆದರಿ ಕುಳಿತ ಅಂಕಿ ಹುಸಿ, ಹೆದರಬೇಕಿದ್ದ ಅಂಕಿ ಹಾಳೆಯಲ್ಲೇ ಇರಲಿಲ್ಲ.

ಮಾವನವರು ನಿನ್ನೆ ರಾತ್ರಿ ಊಟ ಮಾಡಿದ ಮೇಲೆ ಹಳೆಯ ಗಲ್ಲಾ ಪುಸ್ತಕದಂತೆ ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿದ್ದಾರೆ: ತಾರೀಖು, ಯಂತ್ರ, ಚೀಲ, ಮೇಲಿನ ಹಿಡಿತ, ಎಡ, ಬಲ, ಕ್ರಿಯಾಟಿನಿನ್. ಸೊನೋಗ್ರಫಿಯ 55ನ್ನು ಬೇರೆ ಪುಟದಲ್ಲಿ ಬರೆದಿದ್ದಾರೆ. ಎರಡು ಖಾತೆ ಬೆರೆಸಬಾರದಂತೆ. ಮುಂದಿನ ಸಿಟಿ ನವೆಂಬರಿನಲ್ಲಿ. ಬಲಗಡೆಯ ಅಂಕಿ ಏನು ಬಂತೆಂದು ಇಲ್ಲಿಯೇ ತಿಳಿಸುತ್ತೇನೆ.